ಆಷಾಢದಲ್ಲಿ ಸಿಕ್ಕಿಕೊಂಡ ಇ-ಮೇಲ್‌ಗಳು

ಹಾಸನದ ಬಸ್ ಸ್ಟ್ಯಾಂಡಿಗೆ ಹತ್ತಿರದ ಒಂದು ಬೀದಿಯಲ್ಲಿ, ಹೊಲಿಗೆ ಅಂಗಡಿಯ ಮಹಡಿ ಮೇಲೆ ಕೂತು ನಾನು ಎರಡು ವರ್ಷ ಊರವರ ಮದುವೆ ಮಾಡಿಸಿದ್ದೇನೆ. ನನಗೇ ಇನ್ನೂ ಮದುವೆಯಾಗಿರಲಿಲ್ಲ ಎನ್ನುವುದು ಆ ಕೆಲಸಕ್ಕೆ ಅಡ್ಡಿಯಾಗಲಿಲ್ಲ. ನನಗೆ ಇ-ಮೇಲ್ ಕಳಿಸುವ ಪ್ರೋಗ್ರಾಂ ಬರೆಯಲು ಬರುತ್ತಿರಲಿಲ್ಲ ಎನ್ನುವುದು ಮಾತ್ರ ಸ್ವಲ್ಪ ಅಡ್ಡಿಯಾಯಿತು.

ಹೊಸ ಶತಮಾನ ಬಂದು ಆರೇಳು ವರ್ಷ ಕಳೆದಿದ್ದವು. ನಾನು ಹೊಳೆನರಸೀಪುರದವಳು. ಬಿ.ಎಸ್ಸಿ. ಮುಗಿಸಿ, ಹಾಸನದಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮಾಡಿ, ಅದೇ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಿದ್ದೆ. ಕಲಿಯಲು ಬರುವವರು ಕಡಿಮೆಯಾಗಿ ಆ ಕೇಂದ್ರ ಒಂದು ದಿನ ಬಾಗಿಲು ಹಾಕಿತು. ಆಗ ನನ್ನನ್ನು ಕರೆದವರು ಒಬ್ಬ ನಿವೃತ್ತ ಹೆಡ್‌ಮಾಸ್ಟರು. ಅರಕಲಗೂಡು ತಾಲ್ಲೂಕಿನಲ್ಲಿ ಮೂವತ್ತು ವರ್ಷ ಗಣಿತ ಹೇಳಿ, ನಿವೃತ್ತಿಯಾದ ಮೇಲೆ ಹಾಸನಕ್ಕೆ ಬಂದು ವಧು-ವರರ ಮಾಹಿತಿ ಕೇಂದ್ರ ತೆರೆದಿದ್ದರು. ಎಲ್ಲರೂ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದರು.

ಮೇಷ್ಟ್ರ ಕೇಂದ್ರ ಅದುವರೆಗೂ ಕಾರ್ಡುಗಳ ಮೇಲೆ ನಡೆಯುತ್ತಿತ್ತು. ಒಂದು ಟ್ರಂಕಿನ ತುಂಬ ಜಾತಕಗಳು, ಇನ್ನೊಂದರ ತುಂಬ ಫೋಟೋಗಳು, ಮೇಜಿನ ಮೇಲೆ ಪೋಸ್ಟ್ ಕಾರ್ಡಿನ ಕಟ್ಟು. ಯಾರಿಗೆ ಯಾರು ಸರಿಹೋಗುತ್ತಾರೆಂದು ಅವರೇ ತೀರ್ಮಾನಿಸಿ, ದುಂಡಗಿನ ಅಕ್ಷರದಲ್ಲಿ ಎರಡೂ ಕಡೆಗೆ ಕಾರ್ಡು ಬರೆಯುತ್ತಿದ್ದರು. ಕಾರ್ಡು ತಪ್ಪದೆ ತಲುಪುತ್ತಿತ್ತು. ಒಂದೇ ಕಾರ್ಡು ಏಳು ಸಲ ತಲುಪಿದ್ದಾಗಲಿ, ತಿಂಗಳುಗಟ್ಟಲೆ ಡಬ್ಬಿಯಲ್ಲೇ ಕೂತಿದ್ದಾಗಲಿ ಇಲ್ಲ. ಇಷ್ಟು ಚೆನ್ನಾಗಿ ನಡೆಯುತ್ತಿದ್ದ ವ್ಯವಸ್ಥೆಯನ್ನು ಸುಧಾರಿಸಬೇಕೆಂದು ಅವರಿಗೆ ಯಾರೋ ಹೇಳಿದರು. ಸುಧಾರಿಸಲು ನಾನು ಸಿಕ್ಕಿದೆ.

ಮೂರು ತಿಂಗಳಲ್ಲಿ ವೆಬ್‌ಸೈಟ್ ಕಟ್ಟಿದೆ. ಹೆಸರು, ವಯಸ್ಸು, ಎತ್ತರ, ಓದು, ಕೆಲಸ, ನಕ್ಷತ್ರ, ಒಡಹುಟ್ಟಿದವರು, ನಿರೀಕ್ಷೆಗಳು ಎಂದು ಮೂವತ್ತೆರಡು ಕಾಲಮ್ಮುಗಳ ಫಾರ್ಮು. ಜಾತಿ ಉಪಜಾತಿಗಳ ಪಟ್ಟಿಯನ್ನು ಮೇಷ್ಟ್ರು ತಾವೇ ಕೂತು ಬರೆಸಿದರು. ಅದು ನನ್ನ ಇಡೀ ಪ್ರೋಗ್ರಾಮಿಗಿಂತ ಉದ್ದವಿತ್ತು, ಅದರಲ್ಲಿ ಒಂದೂ ತಪ್ಪಿರಲಿಲ್ಲ. ಯಾರ ಫೋನ್ ನಂಬರನ್ನೂ ಯಾರಿಗೂ ತೋರಿಸಬಾರದು, ಎಲ್ಲ ಮಾತೂ ಕೇಂದ್ರದ ಮೂಲಕವೇ ಹೋಗಬೇಕು ಎನ್ನುವುದು ಅವರ ನಿಯಮ. ಹಾಗಾಗಿ ಒಂದು ಕಡೆಯವರು ಸೈಟಿನಲ್ಲಿ ಬರೆದದ್ದನ್ನು ಇನ್ನೊಂದು ಕಡೆಯವರಿಗೆ ಇ-ಮೇಲ್ ಮಾಡುವುದೇ ಸೈಟಿನ ಮುಖ್ಯ ಕೆಲಸವಾಯಿತು. ಸುತ್ತಲಿನ ಊರುಗಳಲ್ಲಿ ಇ-ಮೇಲ್ ಇದ್ದವರೆಷ್ಟು ಎಂಬ ಪ್ರಶ್ನೆ ಬರಲಿಲ್ಲ. ಇಲ್ಲದವರಿಗೆ ಮೇಷ್ಟ್ರು ಅಲ್ಲೇ ಕೂರಿಸಿ ಒಂದು ವಿಳಾಸ ಮಾಡಿಸುತ್ತಿದ್ದರು. ಅಂಥವರಿಗೆ ಬಂದ ಮೇಲನ್ನು ಅವರ ಸೋದರಳಿಯನೋ ಪಕ್ಕದ ಮನೆಯವರೋ ಸೈಬರ್ ಸೆಂಟರಿನಲ್ಲಿ ತೆರೆದು ಓದಿ ಹೇಳುತ್ತಿದ್ದರು.

ಮೊದಲು ನಾನು ಬರೆದ ಪ್ರೋಗ್ರಾಂ ಬಹಳ ಸರಳ. ಗುಂಡಿ ಒತ್ತಿದರೆ ಅದು ಪಟ್ಟಿಯಲ್ಲಿರುವವರಿಗೆಲ್ಲ ಒಬ್ಬರಾದ ಮೇಲೊಬ್ಬರಿಗೆ ಮೇಲ್ ಕಳಿಸಬೇಕು, ಎಲ್ಲ ಹೋದ ಮೇಲೆ ಪರದೆಯಲ್ಲಿ ‘ಕಳಿಸಲಾಗಿದೆ’ ಎಂದು ತೋರಿಸಬೇಕು. ಮೂರು ಜನಕ್ಕೆ ಕಳಿಸಿ ನೋಡಿದಾಗ ಚೆನ್ನಾಗಿ ನಡೆಯಿತು. ಮೂವತ್ತು ಜನಕ್ಕೆ ಕಳಿಸಲು ಹೋದಾಗ ಪುಟ ಗರಬಡಿದಂತೆ ನಿಂತಿತು. ಮೇಷ್ಟ್ರಿಗೆ ತಾಳ್ಮೆಯಿತ್ತು, ಆದರೆ ಅದು ಮಕ್ಕಳ ವಿಷಯಕ್ಕೆ, ಮೌಸಿನ ವಿಷಯಕ್ಕಲ್ಲ. ಪುಟ ಅಲುಗಾಡಲಿಲ್ಲವೆಂದು ಮತ್ತೆ ಒತ್ತಿದರು. ಒತ್ತುತ್ತಲೇ ಹೋದರು. ಪ್ರತಿ ಸಲ ಒತ್ತಿದಾಗಲೂ ಪ್ರೋಗ್ರಾಂ ಮೊದಲಿನಿಂದ ಶುರುಮಾಡಿತು. ಹೊಳೆನರಸೀಪುರದ ಒಂದು ಮನೆಗೆ ಒಬ್ಬಳೇ ಹುಡುಗಿಯ ವಿವರ ಏಳು ಸಲ ಹೋಯಿತು. ಇಷ್ಟೊಂದು ಆತುರ ಪಡುತ್ತಿದ್ದಾರೆಂದರೆ ಹುಡುಗಿಯಲ್ಲಿ ಏನೋ ಐಬಿರಬೇಕೆಂದು ಅವರು ಸಂಬಂಧವನ್ನೇ ಬಿಟ್ಟರು. ಆ ಹುಡುಗಿಯ ಐಬು ನಾನು ಎಂದು ಅವರಿಗೆ ತಿಳಿಯುವ ದಾರಿ ಇರಲಿಲ್ಲ.

ಇದರ ಬೆನ್ನಿಗೇ, ನಮ್ಮ ಸೈಟಿಗೆ ಜಾಗ ಕೊಟ್ಟಿದ್ದ ಕಂಪನಿಯಿಂದ ಎಚ್ಚರಿಕೆ ಬಂತು. ಗಂಟೆಗೆ ಇಷ್ಟಕ್ಕಿಂತ ಹೆಚ್ಚು ಮೇಲ್ ಕಳಿಸಿದರೆ ನಮ್ಮನ್ನು ಕಸದ ಮೇಲ್ ಕಳಿಸುವ ಖದೀಮರೆಂದು ತಿಳಿದು ಸೈಟ್ ನಿಲ್ಲಿಸುತ್ತಾರಂತೆ. ಮೂವತ್ತು ವರ್ಷ ಮೇಷ್ಟರಿಕೆಯ ಗೌರವದಲ್ಲಿ ಬಾಳಿದವರಿಗೆ ಖದೀಮ ಎಂಬ ಮಾತನ್ನು ತಡೆದುಕೊಳ್ಳಲಾಗಲಿಲ್ಲ. ಏನಾದರೂ ಮಾಡು ತಾಯಿ ಎಂದರು.

ಇಂಟರ್‌ನೆಟ್ಟಿನಲ್ಲಿ ಹುಡುಕಿದಾಗ ನನ್ನ ತಾಪತ್ರಯ ಹೊಸದಲ್ಲವೆಂದು ಗೊತ್ತಾಯಿತು. ಯಾರೋ ಪುಣ್ಯಾತ್ಮರು ಮೇಲ್ ಕಳಿಸುವುದಕ್ಕೆಂದೇ ಕೋಡ್ ಬರೆದು, ಯಾರು ಬೇಕಾದರೂ ಬಳಸಲಿ ಎಂದು ಇಟ್ಟಿದ್ದರು. ಇಂಥ ಸಿದ್ಧ ಕೋಡಿಗೆ ಲೈಬ್ರರಿ ಎನ್ನುತ್ತಾರೆ. ನಾನು ಲೈಬ್ರರಿಯಿಂದ ತಂದು ಹಾಕುತ್ತೇನೆ ಎಂದಾಗ ಮೇಷ್ಟ್ರು, ಎಷ್ಟು ದಿನದೊಳಗೆ ವಾಪಸ್ ಕೊಡಬೇಕು ಎಂದು ಕೇಳಿದರು. ಅವರು ತಮಾಷೆ ಮಾಡುತ್ತಿರಲಿಲ್ಲ.

ಅದರ ಕ್ರಮ ಹೀಗಿತ್ತು. ಗುಂಡಿ ಒತ್ತಿದ ತಕ್ಷಣ ಮೇಲ್ ಹೊರಗೆ ಹೋಗುವುದಿಲ್ಲ. ಒಂದು ಫೋಲ್ಡರಿನಲ್ಲಿ ಕಡತವಾಗಿ ಕೂರುತ್ತದೆ. ಗಂಟೆಗೊಮ್ಮೆ ಬೇರೊಂದು ಪ್ರೋಗ್ರಾಂ ತಾನಾಗಿ ಎದ್ದು, ಮೊದಲು ಬಂದದ್ದನ್ನು ಮೊದಲು ಎಂಬ ಲೆಕ್ಕದಲ್ಲಿ ಒಂದಿಷ್ಟನ್ನು ಎತ್ತಿ ಕಳಿಸುತ್ತದೆ. ಪುಟ ನಿಲ್ಲುವುದಿಲ್ಲ, ಕಂಪನಿ ಬೈಯುವುದಿಲ್ಲ, ಮೇಷ್ಟ್ರು ಎರಡನೇ ಸಲ ಗುಂಡಿ ಒತ್ತಲು ಸಮಯವೂ ಸಿಗುವುದಿಲ್ಲ. ಪರದೆಯ ಮೇಲೆ ನಾನು ‘ನಿಮ್ಮ ಪತ್ರ ಸರತಿಯಲ್ಲಿದೆ’ ಎಂದು ಬರೆದೆ.

ಅದು ಮೇಷ್ಟ್ರಿಗೆ ಹಿಡಿಸಲಿಲ್ಲ. “ಇಲ್ಲಿಗೆ ಬರೋ ಜನ ಆಗ್ಲೇ ಬೇಕಾದಷ್ಟು ವರ್ಷ ಸರತೀಲಿ ನಿಂತು ಬೇಸತ್ತಿರ್ತಾರೆ ಕಣಮ್ಮ. ಮತ್ತೆ ಅದನ್ನೇ ತೋರಿಸ್ಬೇಡ. ಕಳಿಸಲಾಗಿದೆ ಅಂತ ಹಾಕು.”

ಇನ್ನೂ ಕಳಿಸಿರುವುದಿಲ್ಲವಲ್ಲ ಸಾರ್ ಎಂದೆ. ಒಂದು ಗಂಟೆಯಲ್ಲಿ ಹೋಗುತ್ತದಲ್ಲ, ಒಂದು ಗಂಟೆಯ ಸುಳ್ಳು ಸುಳ್ಳೇ ಅಲ್ಲ ಎಂದರು. ಗಣಿತದ ಮೇಷ್ಟ್ರು ಹೇಳಿದ ಮೇಲೆ ಸರಿಯಿರಬೇಕೆಂದು ‘ಕಳಿಸಲಾಗಿದೆ’ ಎಂದು ಹಾಕಿದೆ. ಪಕ್ಕದಲ್ಲಿ ಒಂದು ಹಸಿರು ಟಿಕ್ ಗುರುತನ್ನೂ ಹಾಕಿದೆ. ಅದು ನನ್ನ ಸ್ವಂತ ಉತ್ಸಾಹ.

ಲೈಬ್ರರಿ ಬರೆದವರು ಅದರ ಜೊತೆ ಉದ್ದನೆಯ ಟಿಪ್ಪಣಿಯನ್ನೂ ಇಟ್ಟಿದ್ದರು. ಕಳಿಸಲಾಗದ ಮೇಲ್ ಬಂದರೆ ಅದನ್ನು ಎರಡು ಮೂರು ಸಲ ಪ್ರಯತ್ನಿಸಿ, ಆಗದಿದ್ದರೆ ಪಕ್ಕಕ್ಕೆ ಸರಿಸಿಡಬೇಕು ಎಂದು ಅದರಲ್ಲಿ ಒಂದು ಪುಟವೇ ಇತ್ತು. ಮೊದಲ ಎರಡು ಪುಟ ಓದಿ, ಕೆಲಸ ನಡೆಯುತ್ತಿದೆ ಎಂದ ಮೇಲೆ ನಾನು ಮುಂದೆ ಓದಲು ಹೋಗಲಿಲ್ಲ. ಪರೀಕ್ಷೆಗೆ ಬರದ ಪಾಠ ಓದದಿರುವುದು ನನಗೆ ಶಾಲೆಯಿಂದಲೇ ಬಂದ ಅಭ್ಯಾಸ.

ನಾಲ್ಕು ತಿಂಗಳು ಎಲ್ಲ ಸುಸೂತ್ರವಾಗಿ ನಡೆಯಿತು. ಆಮೇಲೆ ಆಷಾಢ ಬಂತು.

ಆಷಾಢದಲ್ಲಿ ಮದುವೆಯ ಮಾತು ತಣ್ಣಗಿರುತ್ತದೆ ಎನ್ನುವುದು ಎಲ್ಲರಿಗೂ ಗೊತ್ತಿರುವ ವಿಷಯ. ಕೇಂದ್ರಕ್ಕೆ ಬರುವವರು ಕಡಿಮೆಯಾದರು. ಯಾರಿಂದಲೂ ಉತ್ತರವಿಲ್ಲ ಎಂದು ಆಗಾಗ ಯಾರಾದರೂ ಫೋನ್ ಮಾಡಿದರೆ ಮೇಷ್ಟ್ರು, ಆಷಾಢ ಅಲ್ಲವೇ, ಶ್ರಾವಣ ಬರಲಿ ಎನ್ನುತ್ತಿದ್ದರು. ನಾನೂ ಹಾಗೇ ಎನ್ನುತ್ತಿದ್ದೆ. ಪಂಚಾಂಗದಲ್ಲಿ ಇಷ್ಟು ಒಳ್ಳೆಯ ಕಾರಣ ಸಿದ್ಧವಾಗಿರುವಾಗ ಸರ್ವರ್ ಒಳಗೆ ಇಣುಕಿ ನೋಡುವ ಮೂರ್ಖರು ಯಾರು.

ಆ ದಿನಗಳಲ್ಲೂ ತಪ್ಪದೆ ಬರುತ್ತಿದ್ದವರು ಒಬ್ಬ ಶಿಕ್ಷಕಿ. ದಂಡಿಗನಹಳ್ಳಿಯ ಕಡೆಯವರು, ದುದ್ದದ ಹತ್ತಿರದ ಪ್ರಾಥಮಿಕ ಶಾಲೆಯಲ್ಲಿ ಕೆಲಸ. ದಿನಾ ಹಾಸನದಲ್ಲಿ ಬಸ್ಸು ಬದಲಾಯಿಸಬೇಕಿತ್ತು. ಸಂಜೆ ಊರಿನ ಬಸ್ಸಿಗೆ ಇನ್ನೂ ಅರ್ಧ ಗಂಟೆ ಇದ್ದರೆ ನಮ್ಮ ಮಹಡಿ ಹತ್ತಿ ಬಂದು, ನಮ್ಮ ಕಂಪ್ಯೂಟರಿನಲ್ಲೇ ತಮಗೆ ಬಂದ ಸಂಬಂಧಗಳನ್ನು ನೋಡುತ್ತಿದ್ದರು. ಬೇರೆಯವರ ಮಗಳ ಜಾತಕ ನೋಡುವಷ್ಟೇ ನಿರ್ಲಿಪ್ತವಾಗಿ ನೋಡುತ್ತಿದ್ದರು. ನನಗಿಂತ ಎರಡು ವರ್ಷ ದೊಡ್ಡವರಿರಬೇಕು. ನನ್ನನ್ನು ಮೇಡಂ ಎನ್ನುತ್ತಿದ್ದರು, ನಾನೂ ಅವರನ್ನು ಮೇಡಂ ಎನ್ನುತ್ತಿದ್ದೆ.

ಅವರಿಗೆ ಎರಡು ಸಂಬಂಧ ಬಂದಿದ್ದವು. ಒಬ್ಬರು ಅರಕಲಗೂಡಿನವರು, ಪಶು ಆಸ್ಪತ್ರೆಯಲ್ಲಿ ಕೆಲಸ. ಇನ್ನೊಬ್ಬರು ಹೊಳೆನರಸೀಪುರದ ತೆಂಗಿನಕಾಯಿ ವ್ಯಾಪಾರಸ್ಥರ ಮನೆಯವರು. ಆಷಾಢಕ್ಕೆ ಮುಂಚೆಯೇ ಶಿಕ್ಷಕಿಯ ತಂದೆ, ಶ್ರಾವಣದ ಮೊದಲ ಭಾನುವಾರ ಹೆಣ್ಣು ನೋಡಲು ಬನ್ನಿ ಎಂದು ಅರಕಲಗೂಡಿನವರಿಗೆ ಸೈಟಿನ ಮೂಲಕ ಬರೆಸಿದ್ದರು. ಆ ಮೇಲ್ ಹೋಗಿ ತಲುಪಿತ್ತು. ಆಮೇಲೆ ಒಂದು ಸಂಜೆ ಶಿಕ್ಷಕಿ ಅರಕಲಗೂಡಿನವರ ಫಾರ್ಮನ್ನು ಪೂರ್ತಿ ಓದಿದರು. ಮದುವೆಯಾದ ಮೇಲೆ ವಧು ಕೆಲಸಕ್ಕೆ ಹೋಗುವುದು ಬೇಡ ಎಂದು ಅದರಲ್ಲಿತ್ತು. ಅಲ್ಲೇ ಕೂತು, ಈ ಸಂಬಂಧ ನನಗೆ ಬೇಡ ಎಂದು ನಾಲ್ಕು ಸಾಲು ಬರೆದು ಗುಂಡಿ ಒತ್ತಿದರು. ಹಸಿರು ಟಿಕ್ ಬಂತು. ಕಳಿಸಲಾಗಿದೆ.

ಬೇಡವೆಂದು ಬರೆದಾಯಿತು ಎಂದು ಅವರು ಮನೆಯಲ್ಲೂ ಹೇಳಿದರು. ಅವರ ತಂದೆ ಅದನ್ನು ನಂಬಿ, ಖಾಲಿಯಾದ ಭಾನುವಾರಕ್ಕೆ ಹೊಳೆನರಸೀಪುರದವರನ್ನು ಕರೆಸಿ ಎಂದು ಮೇಷ್ಟ್ರಿಗೆ ಫೋನ್ ಮಾಡಿದರು. ಮೇಷ್ಟ್ರು ಫೋನಿನಲ್ಲೇ ಅವರನ್ನು ಒಪ್ಪಿಸಿದರು. ಆ ದಿನ ತಾವೂ ಹೊರಟರು. ವೆಬ್‌ಸೈಟಿಗೆ ಹಾಕಲು ಫೋಟೋ ಬೇಕೆಂದು ಡಿಜಿಟಲ್ ಕ್ಯಾಮೆರಾ ಕೊಟ್ಟು ನನ್ನನ್ನೂ ಹೊರಡಿಸಿದರು.

ಶಿಕ್ಷಕಿಯ ಮನೆ ಊರಿನ ಅಂಚಿನಲ್ಲಿತ್ತು. ಮುಂದೆ ಚಪ್ಪಡಿ ಹಾಸಿದ ಜಗುಲಿ, ಪಕ್ಕದಲ್ಲಿ ಎರಡು ಹಸು, ಹಿತ್ತಲಲ್ಲಿ ತೆಂಗು. ಹೊಳೆನರಸೀಪುರದವರು ಎಂಟು ಜನ ವ್ಯಾನಿನಲ್ಲಿ ಬಂದಿಳಿದು, ಕಾಲು ತೊಳೆದು, ಚಾಪೆಯ ಮೇಲೆ ಕೂತಿದ್ದರು. ಮೇಷ್ಟ್ರು ನಮ್ಮ ಕೇಂದ್ರದ ಆಧುನಿಕ ವ್ಯವಸ್ಥೆಯ ಬಗ್ಗೆ ಹೇಳತೊಡಗಿದ್ದರು. ಎಲ್ಲವೂ ಕಂಪ್ಯೂಟರ್ ಮೂಲಕ, ಮನುಷ್ಯರ ಕೈ ಸೋಕುವುದೇ ಇಲ್ಲ, ಹಾಗಾಗಿ ತಪ್ಪಿಗೆ ಆಸ್ಪದವೇ ಇಲ್ಲ ಎನ್ನುವಷ್ಟರಲ್ಲಿ ಬಾಗಿಲ ಮುಂದೆ ಇನ್ನೊಂದು ವ್ಯಾನು ನಿಂತಿತು. ಅದರಿಂದ ಆರು ಜನ ಇಳಿದರು. ಕೈಯಲ್ಲಿ ಹೂವು, ಹಣ್ಣು, ಎಲೆ ಅಡಿಕೆ. ನಾವು ಅರಕಲಗೂಡಿನಿಂದ, ಸ್ವಲ್ಪ ತಡವಾಯಿತು ಎಂದು ಒಬ್ಬ ಹಿರಿಯರು ನಗುತ್ತ ಒಳಗೆ ಬಂದರು.

ಶಿಕ್ಷಕಿಯ ತಂದೆ ಜಗುಲಿಯಿಂದ ಎದ್ದು ನಿಂತವರು ಹಾಗೇ ನಿಂತರು. ಆಮೇಲೆ ಮೇಷ್ಟ್ರನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು.

“ಏನ್ ಸಾ ಇದು. ಒಂದೇ ದಿನ ಎರಡ್ ಕಡೆಯೋರೂ ಬಂದವ್ರೆ. ಯಾರ್ಗೆ ಮೊದ್ಲು ತಿಂಡಿ ಕೊಡ್ಲಿ?”

ಮೇಷ್ಟ್ರು ಮೂವತ್ತು ವರ್ಷದ ಅನುಭವವನ್ನೆಲ್ಲ ಒಟ್ಟುಗೂಡಿಸಿ, ಎಲ್ಲರಿಗೂ ಒಟ್ಟಿಗೇ ಕೊಡಿ ಎಂದರು. ಹಾಗೇ ಆಯಿತು. ಒಂದೇ ಹುಡುಗಿಯನ್ನು ನೋಡಲು ಬಂದ ಹದಿನಾಲ್ಕು ಜನ ಎದುರುಬದುರಾಗಿ ಕೂತು, ಒಬ್ಬರನ್ನೊಬ್ಬರು ನೋಡದೆ ಉಪ್ಪಿಟ್ಟು ಕೇಸರಿಬಾತು ತಿಂದರು. ಯಾರಾದರೂ ಮಾತಾಡಬೇಕಲ್ಲ ಎಂದು ಅರಕಲಗೂಡಿನ ವರ ಕೊಟ್ಟಿಗೆಯ ಹಸುವಿಗೆ ಎಷ್ಟನೇ ಸೂಲು ಎಂದು ಕೇಳಿದರು. ಆ ಬೆಳಗಿನಲ್ಲಿ ಯಾರೂ ತಪ್ಪು ತಿಳಿಯದ ಮಾತು ಅದೊಂದೇ.

ನಾನು ಕ್ಯಾಮೆರಾ ಚೀಲದೊಳಗಿಟ್ಟು ಅಡುಗೆಮನೆಗೆ ಹೋದೆ. ಶಿಕ್ಷಕಿ ರೇಷ್ಮೆ ಸೀರೆಯುಟ್ಟು ಲೋಟಗಳನ್ನು ತಟ್ಟೆಯಲ್ಲಿ ಜೋಡಿಸುತ್ತಿದ್ದರು. ನನ್ನನ್ನು ನೋಡಿ ಕೈ ನಿಲ್ಲಿಸಿದರು.

“ಮೇಡಂ, ನಾನು ಬೇಡ ಅಂತ ಬರೆದಿದ್ದು ಅವ್ರಿಗೆ ಹೋಗಿಲ್ವಾ?”

ಏನಾಗಿದೆಯೋ ನೋಡಬೇಕು ಎಂದೆ.

“ಕಳಿಸಲಾಗಿದೆ ಅಂತ ಬಂತಲ್ಲ. ನಿಮ್ ಪಕ್ಕದಲ್ಲೇ ಕೂತು ಕಳಿಸ್ದೆ ನಾನು.”

ಅವರು ಕೋಪದಿಂದ ಕೇಳಿದ್ದರೆ ಸುಲಭವಾಗುತ್ತಿತ್ತು. ಅರ್ಥವಾಗದ್ದನ್ನು ಕೇಳುವ ಮಕ್ಕಳ ಹಾಗೆ ಕೇಳಿದರು. ಅದು ಒಂದು ಗಂಟೆ ತಡವಾಗುತ್ತದೆ ಎಂದು ಏನೋ ತೊದಲಿದೆ. ಒಂದು ತಿಂಗಳಾಯಿತಲ್ಲ ಮೇಡಂ ಎಂದು ಅವರು ಕಾಫಿ ತಟ್ಟೆ ಎತ್ತಿಕೊಂಡು ಹೊರಗೆ ಹೋದರು. ಯಾರಿಗೆ ಮೊದಲು ಕೊಡಬೇಕೆಂಬ ಪ್ರಶ್ನೆಗೆ ಅವರೇ ಉತ್ತರ ಕಂಡುಕೊಂಡಿದ್ದರು. ಮೊದಲು ತಮ್ಮ ತಂದೆಗೆ ಕೊಟ್ಟರು.

ಹೊಳೆನರಸೀಪುರದ ವರನ ಸೋದರಮಾವ ಕಾಫಿ ಮುಟ್ಟಲಿಲ್ಲ. ಎದ್ದು ಪಂಚೆ ಸರಿಮಾಡಿಕೊಂಡು, “ನಾವೇನ್ ರೇಷನ್ ಅಂಗ್ಡಿ ಕ್ಯೂನಲ್ಲಿ ನಿಂತಿದ್ದೀವಾ? ನಡೀರ್ಲಾ, ಓಗಾಣ,” ಎಂದು ತಮ್ಮವರನ್ನೆಲ್ಲ ಎಬ್ಬಿಸಿಕೊಂಡು ಹೊರಟರು. ಅರಕಲಗೂಡಿನವರು ಸಂಕೋಚದಿಂದ ಇನ್ನೂ ಹತ್ತು ನಿಮಿಷ ಕೂತರು. ತಿಳಿಸುತ್ತೇವೆ ಎಂದರು. ಶಿಕ್ಷಕಿಯ ತಂದೆಯೂ ತಿಳಿಸುತ್ತೇವೆ ಎಂದರು. ಮೇಷ್ಟ್ರೂ ನಾನೂ ಬಸ್ಸಿನಲ್ಲಿ ವಾಪಸ್ ಹೊರಟೆವು. ಹಾಸನ ಬಂದ ಮೇಲೆ ಅವರು, ಫೋಟೋ ತೆಗೆದೆಯಾ ಎಂದು ಕೇಳಿದರು.

ಸೋಮವಾರ ಬೆಳಿಗ್ಗೆ ಸರ್ವರಿನ ಫೋಲ್ಡರ್ ತೆರೆದೆ. ಖಾಲಿಯಿರಬೇಕಾದಲ್ಲಿ ನೂರ ಹದಿನೇಳು ಕಡತಗಳು ಕೂತಿದ್ದವು. ಸಾಲಿನ ಮೊದಲನೆಯದು ಆಷಾಢದ ಎರಡನೇ ದಿನದ್ದು. ಯಾರೋ ತಮ್ಮ ಇ-ಮೇಲ್ ವಿಳಾಸ ತುಂಬುವಾಗ, ನಡುವೆ ಬರಬೇಕಾದ ಚಿಹ್ನೆಯ ಬದಲು ‘ಅಟ್ ದಿ ರೇಟ್’ ಎಂದು ಅಕ್ಷರದಲ್ಲೇ ಬರೆದಿದ್ದರು. ನಮ್ಮೂರಲ್ಲಿ ಎಲ್ಲರೂ ಹಾಗೇ ಓದಿ ಹೇಳುತ್ತಿದ್ದರು, ಬರೆದದ್ದರಲ್ಲಿ ಆಶ್ಚರ್ಯವಿಲ್ಲ. ಇಂಥ ವಿಳಾಸಕ್ಕೆ ಕಳಿಸಲಾಗದು ಎಂದು ಲೈಬ್ರರಿ ತಪ್ಪು ತೋರಿಸುತ್ತಿತ್ತು, ನನ್ನ ಪ್ರೋಗ್ರಾಂ ಅಲ್ಲಿಗೇ ಸಾಯುತ್ತಿತ್ತು. ಮುಂದಿನ ಗಂಟೆ ಮತ್ತೆ ಎದ್ದು, ಮತ್ತೆ ಅದೇ ಮೊದಲ ಕಡತ ಎತ್ತಿ, ಮತ್ತೆ ಸಾಯುತ್ತಿತ್ತು. ತಿಂಗಳಿಗೂ ಹೆಚ್ಚು ಕಾಲ, ಗಂಟೆಗೊಮ್ಮೆ, ಒಂದು ದಿನವೂ ರಜೆ ಹಾಕದೆ ಸತ್ತಿತ್ತು. ಅಷ್ಟು ನಿಷ್ಠೆಯ ಕೆಲಸಗಾರರನ್ನು ನಾನು ಯಾವ ಕಚೇರಿಯಲ್ಲೂ ಕಂಡಿಲ್ಲ.

ಓದದೆ ಬಿಟ್ಟಿದ್ದ ಆ ಪುಟವನ್ನು ಓದಿದೆ. ಐದು ಸಾಲು ಸೇರಿಸಿದರೆ ಸಾಕಿತ್ತು. ಸೇರಿಸಿದೆ. ಇನ್ನು ಪ್ರೋಗ್ರಾಂ ಚಾಲೂ ಮಾಡಿದರೆ ನೂರ ಹದಿನಾರು ಮೇಲ್‌ಗಳೂ ಕೆಲವೇ ಗಂಟೆಗಳಲ್ಲಿ ಹೊರಟುಹೋಗುತ್ತಿದ್ದವು. ಮೇಷ್ಟ್ರಿಗೆ ವಿಷಯ ಹೇಳಿದೆ. ಅವರು ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದರು.

“ಎಲ್ಲಾ ಬಿಟ್ಬಿಡಮ್ಮ. ಈಗ್ಲಾದ್ರೂ ಹೋಗ್ಲಿ. ತಡ ಯಾಕಾಯ್ತು ಅಂದ್ರೆ ಆಷಾಢ ಅಂದ್ರಾಯ್ತು.”

ಬಿಡುವವಳೇ ಇದ್ದೆ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಶಿಕ್ಷಕಿ ಶಾಲೆಗೆ ರಜೆ ಹಾಕಿ ಬಂದಿದ್ದರು. ನನ್ನ ಪತ್ರ ಎಲ್ಲಿದೆ ತೋರಿಸಿ ಎಂದರು. ತೋರಿಸಿದೆ. ತಮ್ಮದನ್ನು ಓದಿಕೊಂಡು, ಅದರ ಹಿಂದೆ ಮುಂದೆ ಇದ್ದವನ್ನೂ ನೋಡಿದರು. ಬೇರೆಯವರ ಪತ್ರ ಓದಬಾರದು ಎಂದು ಮೇಷ್ಟ್ರು ನೆನಪಿಸಿದರು. ಶಿಕ್ಷಕಿ ತಲೆ ಎತ್ತದೆ, ಓದಬೇಕಾದವರಿಗೆ ನೀವು ಓದಲು ಕೊಟ್ಟಿಲ್ಲವಲ್ಲ ಸಾರ್ ಎಂದರು. ಮೇಷ್ಟ್ರು ಕಿಟಕಿಯ ಹತ್ತಿರ ಹೋಗಿ ನಿಂತರು.

ಕೆಲವು ಪತ್ರಗಳು ಬರೀ ವಿಚಾರಣೆ. ಕೆಲವು ‘ನಮಗೆ ಒಪ್ಪಿಗೆ’. ಕೆಲವು ‘ಕ್ಷಮಿಸಿ’. ಒಂದರಲ್ಲಿ ಮುಂದಿನ ಗುರುವಾರ ಬರುತ್ತೇವೆ ಎಂದಿತ್ತು, ಆ ಗುರುವಾರ ಕಳೆದು ಮೂರು ವಾರವಾಗಿತ್ತು. ಇದನ್ನೆಲ್ಲ ಈಗ ಬಿಟ್ಟರೆ ಏನಾಗುತ್ತದೆ ಎಂದು ಶಿಕ್ಷಕಿ ಕೇಳಿದರು. ಅದಕ್ಕೆ ಉತ್ತರ ನಾವು ಹಿಂದಿನ ದಿನವೇ ಅವರ ಜಗುಲಿಯಲ್ಲಿ ನೋಡಿದ್ದೆವು.

ಕೊನೆಗೆ ಒಂದು ಮೇಲನ್ನೂ ಹೊರಗೆ ಬಿಡಲಿಲ್ಲ. ರಿಜಿಸ್ಟರಿನಿಂದ ಫೋನ್ ನಂಬರು ತೆಗೆದು, ಒಬ್ಬೊಬ್ಬರಿಗೂ ಬಾಯಲ್ಲೇ ಹೇಳುವುದೆಂದು ಆಯಿತು. ಯಾರು ಹೇಳಬೇಕು ಎಂಬುದನ್ನು ಯಾರೂ ಕೇಳಲಿಲ್ಲ. ರಿಸೀವರ್ ನನ್ನ ಕೈಯಲ್ಲಿತ್ತು.

ಮೊದಲನೆಯದನ್ನು ಮಾತ್ರ ಶಿಕ್ಷಕಿ ತಾವೇ ಮಾಡುತ್ತೇನೆ ಎಂದರು. ಅರಕಲಗೂಡಿನ ಪಶು ಆಸ್ಪತ್ರೆಯವರು ಮೂರನೇ ರಿಂಗಿಗೆ ಎತ್ತಿಕೊಂಡರು. ನಾನು ಫೋನಿನ ಸ್ಪೀಕರ್ ಒತ್ತಿದ್ದೆ. ಹಿಂದೆ ಯಾವುದೋ ಎಮ್ಮೆ ಕೂಗುತ್ತಿತ್ತು.

“ನೀವು ನಿನ್ನೆ ನೋಡೋಕೆ ಬಂದಿದ್ರಲ್ಲ, ಅವ್ಳೇ ಮಾತಾಡ್ತಿರೋದು. ತಿಂಗಳ ಹಿಂದೆ ನಿಮ್ಗೊಂದು ಪತ್ರ ಬರೆದಿದ್ದೆ, ಇಲ್ಲೇ ಸಿಕ್ಕಾಕೊಂಡಿತ್ತು. ಓದ್ತೀನಿ, ಕೇಳಿಸ್ಕೊಳಿ.” ಎಂದು ಪರದೆ ನೋಡಿ ಪಾಠ ಓದುವ ಧಾಟಿಯಲ್ಲಿ ಓದಿದರು. ಮದುವೆಯ ನಂತರ ಕೆಲಸ ಬಿಡಬೇಕೆಂಬ ನಿಮ್ಮ ಷರತ್ತು ನನಗೆ ಒಪ್ಪಿಗೆಯಿಲ್ಲ, ಆದ್ದರಿಂದ ಈ ಸಂಬಂಧ ಬೇಡ, ನಿಮಗೆ ಒಳ್ಳೆಯದಾಗಲಿ ಎಂದಿತ್ತು.

ಆ ಕಡೆ ಎಮ್ಮೆ ಇನ್ನೊಮ್ಮೆ ಕೂಗಿತು. “ನಾನ್ಯಾವಾಗ ಅಂಗಂದೆ?” ಎಂದರು ಅವರು. “ನಮ್ ಅಕ್ಕನೇ ಅಂಗನವಾಡಿಗೆ ಓಗ್ತದೆ. ನಾನ್ಯಾಕ್ ಬ್ಯಾಡ ಅನ್ಲಿ?”

ಶಿಕ್ಷಕಿ ನನ್ನ ಕಡೆ ನೋಡಿದರು. ನಾನು ಫಾರ್ಮಿನ ಕೋಡ್ ತೆರೆದೆ. ‘ಮದುವೆಯ ನಂತರ ವಧು ಕೆಲಸಕ್ಕೆ ಹೋಗುವುದು’ ಎಂಬ ಕಾಲಮ್ಮಿಗೆ ನಾನು ಮೂರು ಆಯ್ಕೆ ಇಟ್ಟಿದ್ದೆ. ಮೊದಲನೆಯದು ‘ಬೇಡ’. ಯಾರಾದರೂ ಆ ಕಾಲಮ್ಮನ್ನು ಮುಟ್ಟದೆ ಮುಂದೆ ಹೋದರೆ ಮೊದಲನೆಯದೇ ಅವರ ಅಭಿಪ್ರಾಯವೆಂದು ದಾಖಲಾಗುತ್ತಿತ್ತು. ಮೂವತ್ತೆರಡು ಕಾಲಮ್ಮಿನ ಫಾರ್ಮಿನಲ್ಲಿ ಇಪ್ಪತ್ತೊಂಬತ್ತನೆಯದನ್ನು ಮುಟ್ಟುವಷ್ಟು ಸಹನೆ ಯಾವ ಗಂಡಿಗೂ ಇರಲಿಲ್ಲ. ನಾಲ್ಕು ತಾಲ್ಲೂಕಿನ ಗಂಡುಗಳನ್ನು ಒಂದೇ ಏಟಿಗೆ ನಾನು ಅವರ ತಾತಂದಿರ ಕಾಲಕ್ಕೆ ಅಟ್ಟಿದ್ದೆ. ಆ ಸಾಧನೆಗೆ ಯಾವ ಲೈಬ್ರರಿಯ ಸಹಾಯವೂ ಬೇಕಾಗಿರಲಿಲ್ಲ.

ನಾನು ವಿವರಿಸಿದ್ದನ್ನು ಶಿಕ್ಷಕಿ ಕೇಳಿ ಮುಗಿಸಿ, ಫೋನಿಗೆ ಬಾಯಿ ಹತ್ತಿರ ತಂದರು. “ಹಂಗಾದ್ರೆ ನೀವು ಏನೂ ಓದ್ದೆ ಫಾರ್ಮ್ ತುಂಬಿದ್ದೀರ.”

“ಊಂ ಕಣ್ರೀ,” ಎಂದರು ಅವರು. ಸಮಜಾಯಿಷಿ ಕೊಡಲಿಲ್ಲ.

ಹಾಗಿದ್ದರೆ ಪೂರ್ತಿ ಇನ್ನೊಮ್ಮೆ ತುಂಬಿ, ಕೈಯಲ್ಲಿ ಬರೆದು, ಶಾಲೆಯ ವಿಳಾಸಕ್ಕೆ ಅಂಚೆಯಲ್ಲಿ ಕಳಿಸಿ ಎಂದು ಶಿಕ್ಷಕಿ ಹೇಳಿ ಫೋನ್ ಇಟ್ಟರು. ಬಸ್ಸಿಗೆ ಹೊತ್ತಾಯಿತೆಂದು ಹೊರಟರು. ಮೆಟ್ಟಿಲು ಇಳಿಯುವಾಗ ನಗುತ್ತಿದ್ದರೆಂದು ನನಗೆ ಅನ್ನಿಸಿತು, ಬೆನ್ನು ಮಾತ್ರ ಕಾಣುತ್ತಿತ್ತು.

ಉಳಿದವರಿಗೆಲ್ಲ ನಾಲ್ಕು ದಿನ ಫೋನ್ ಮಾಡಿದೆ. ತಪ್ಪು ನಮ್ಮದು ಎಂದು ಅಷ್ಟು ಸಲ ಹೇಳಿದ ಮೇಲೆ ಆ ಮಾತು ಬಾಯಿಪಾಠವಾಯಿತು. ಜನ ನಾನು ಹೆದರಿದಷ್ಟು ಬೈಯಲಿಲ್ಲ. ತಮ್ಮನ್ನು ಯಾರೋ ಬೇಡ ಅಂದಿದ್ದು ಒಂದು ತಿಂಗಳು ತಡವಾಗಿ ತಿಳಿದದ್ದಕ್ಕೆ ಒಬ್ಬರು ಥ್ಯಾಂಕ್ಸ್ ಹೇಳಿದರು. ಆ ಒಂದು ತಿಂಗಳು ಮನೆಯವರು ಅವರನ್ನು ಚೆನ್ನಾಗಿ ನೋಡಿಕೊಂಡಿದ್ದರಂತೆ.

ಪರದೆಯ ಮೇಲಿನ ಮಾತನ್ನು ಮೇಷ್ಟ್ರನ್ನು ಕೇಳದೆಯೇ ಬದಲಾಯಿಸಿದೆ. ಮೊದಲು ‘ಸರತಿಯಲ್ಲಿದೆ’ ಎಂದು, ಹೋದ ಮೇಲಷ್ಟೇ ‘ಕಳಿಸಲಾಗಿದೆ’ ಎಂದು ಬರುವ ಹಾಗೆ ಮಾಡಿದೆ. ಅವರು ಒಂದು ವಾರ ಸಿಡುಕಿ, ಆಮೇಲೆ ಬಂದವರಿಗೆಲ್ಲ ಅದನ್ನೇ ನಮ್ಮ ಕೇಂದ್ರದ ವಿಶೇಷವೆಂದು ತೋರಿಸತೊಡಗಿದರು.

ಅರಕಲಗೂಡಿನವರು ನಿಜಕ್ಕೂ ಮೂವತ್ತೆರಡು ಕಾಲಮ್ಮುಗಳನ್ನೂ ಕೈಯಲ್ಲಿ ಬರೆದು ಕಳಿಸಿದರಂತೆ, ನಾಲ್ಕು ಹಾಳೆ. ಶಿಕ್ಷಕಿ ಕಾಗುಣಿತದ ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ ವಾಪಸ್ ಕಳಿಸಿದರಂತೆ. ಅವರು ಶುದ್ಧ ಪ್ರತಿ ಮಾಡಿ ಮತ್ತೆ ಕಳಿಸಿದರಂತೆ. ಮಾಘದಲ್ಲಿ ಮದುವೆಯಾಯಿತು. ಶಿಕ್ಷಕಿ ಕೆಲಸ ಬಿಡಲಿಲ್ಲ. ಮದುವೆಮನೆಯಲ್ಲಿ ಅವರ ತಂದೆ ಮೇಷ್ಟ್ರ ಕೈ ಹಿಡಿದು, “ಎಲ್ಲಾ ದೇವ್ರಿಚ್ಛೆ ಸಾ, ಇಲ್ದಿದ್ರೆ ಆ ಕಾಗ್ದ ಅಲ್ಲೇ ಯಾಕ್ ನಿಂತ್ಕತಿತ್ತು,” ಎಂದರು. ಮೇಷ್ಟ್ರು ವಿನಯದಿಂದ ತಲೆಬಾಗಿ ಆ ಶ್ರೇಯಸ್ಸನ್ನು ಸ್ವೀಕರಿಸಿದರು. ವಧೂವರರ ಫೋಟೋ ನಮ್ಮ ಕೇಂದ್ರದ ಗೋಡೆಗೇರಿತು. ನನ್ನ ಓದದ ಪುಟ ಋಣಾನುಬಂಧವೆನಿಸಿಕೊಂಡಿತು. ನಾನೂ ತಿದ್ದಲು ಹೋಗಲಿಲ್ಲ, ಹೊಟ್ಟೆ ತುಂಬ ಊಟ ಮಾಡಿದೆ.

ಆದರೆ ಆ ನಾಲ್ಕು ದಿನಗಳ ಫೋನುಗಳಲ್ಲಿ ಒಂದು ಚನ್ನರಾಯಪಟ್ಟಣಕ್ಕೆ ಮಾಡಿದ್ದು. ಮೂವತ್ತನಾಲ್ಕು ವರ್ಷದ ಮಗಳಿಗಾಗಿ ಒಬ್ಬ ತಾಯಿ ಹೆಸರು ಬರೆಸಿದ್ದರು. ಎಷ್ಟೋ ವರ್ಷಗಳ ಮೇಲೆ ಒಂದು ಸಂಬಂಧ ಎರಡೂ ಕಡೆ ಹಿಡಿಸಿತ್ತು. ಮಗಳು ಒಪ್ಪಿಗೆಯೆಂದು ಬರೆದಿದ್ದಳು. ಅದು ಸಾಲಿನಲ್ಲಿ ನಾಲ್ಕನೆಯದಾಗಿ ನಿಂತಿತ್ತು. ಗಂಡಿನ ಕಡೆಯವರು ಮೂರು ವಾರ ಕಾದು, ಉತ್ತರವಿಲ್ಲವೆಂದು ಬೇರೆ ಕಡೆ ನಿಶ್ಚಯ ಮಾಡಿಕೊಂಡಿದ್ದರು. ನಾನು ಮೊದಲು ಅವರಿಗೇ ಫೋನ್ ಮಾಡಿ ತಿಳಿದುಕೊಂಡು, ಆಮೇಲೆ ಈ ತಾಯಿಗೆ ಹೇಳಿದೆ. ಅವರು ಎಲ್ಲ ಕೇಳಿ, “ಆಯ್ತು ಬುಡವ್ವ. ಅವ್ಳಿಗೆ ನಾನು ಯೋಳಕ್ಕಿಲ್ಲ,” ಎಂದು ಫೋನಿಟ್ಟರು.

ಮದುವೆ ಊಟ ಮಾಡಿ ಬಂದ ಮೇಲೆ ಆ ಮಾತು ನನ್ನನ್ನು ಬಿಡಲಿಲ್ಲ. ಮುಂದಿನ ಶನಿವಾರ ಚನ್ನರಾಯಪಟ್ಟಣಕ್ಕೆ ಬಸ್ಸು ಹತ್ತಿದೆ. ವಿಳಾಸ ಹುಡುಕಿ ಹೋದರೆ ತಾಯಿ ಒಬ್ಬರೇ ಇದ್ದರು. ಹಾಸನದ ಕೇಂದ್ರದಿಂದ ಬಂದಿದ್ದೇನೆ, ತಪ್ಪಾಯಿತೆಂದು ಹೇಳಲು ಬಂದೆ ಎಂದೆ. ಒಳಗೆ ಕರೆದು ಕೂರಿಸಿದರು. ಗಂಡಿನ ಕಡೆಯವರೇ ಬೇಡ ಅಂದರೆಂದು ಮಗಳು ತಿಳಿದುಕೊಂಡಿದ್ದಾಳೆ, ಹಾಗೇ ಇರಲಿ, ತಾನು ಹೂಂ ಅಂದದ್ದು ಅವರಿಗೆ ಮುಟ್ಟಲೇ ಇಲ್ಲ ಎಂದು ಗೊತ್ತಾದರೆ ತಡೆಯಲಾರಳು ಎಂದು ಮೆಲುದನಿಯಲ್ಲಿ ಹೇಳಿ ಕಾಫಿ ಕೊಟ್ಟರು.

ಕಾಫಿ ಅರ್ಧ ಕುಡಿಯುವಷ್ಟರಲ್ಲಿ ಮಗಳು ಕೆಲಸ ಮುಗಿಸಿ ಬಂದಳು. ಹೆಗಲಲ್ಲಿ ಚೀಲ, ಕೈಯಲ್ಲಿ ಸೊಪ್ಪಿನ ಕಟ್ಟು. ಯಾರು ಎಂಬಂತೆ ತಾಯಿಯ ಮುಖ ನೋಡಿದಳು. ಬಾಡಿಗೆ ಮನೆ ಕೇಳಿಕೊಂಡು ಬಂದವರು ಎಂದರು ತಾಯಿ.

ಅವಳು ಚೀಲ ಇಳಿಸಿ ನನ್ನ ಎದುರು ಕೂತಳು. ಹಿಂದಿನ ಬೀದಿಯಲ್ಲಿ ಒಂದು ಮನೆ ಖಾಲಿಯಿದೆ, ನೀರು ದಿನ ಬಿಟ್ಟು ದಿನ ಬರುತ್ತದೆ, ಮನೆಯವರು ಒಳ್ಳೆಯವರು, ನಾನು ಹೇಳಿದೆ ಅನ್ನಿ ಎಂದಳು. ದಾರಿ ಗೊತ್ತಾಗಲಿ ಎಂದು ಒಂದು ಚೀಟಿಯಲ್ಲಿ ತಿರುವುಗಳನ್ನು ಬರೆದುಕೊಟ್ಟಳು. ನಾನು ಅದನ್ನು ತೆಗೆದುಕೊಂಡು, ನೋಡಿಕೊಂಡು ಬರುತ್ತೇನೆ ಎಂದು ಹೇಳಿ ಹೊರಗೆ ಬಂದೆ. ಅವಳು ಬಾಗಿಲಲ್ಲೇ ನಿಂತು ನೋಡುತ್ತಿದ್ದಳು. ಹಾಗಾಗಿ ಆ ಹಿಂದಿನ ಬೀದಿಯ ತಿರುವಿನವರೆಗೂ ನಡೆದುಹೋದೆ.